ಮೂರನೆಯ ಶಾಲು

ಪ್ರಫುಲ್ಲಾ ಮೇಡಂಗೆ ಆ ವರ್ಷ ಹೇಗಾದರೂ ಮಾಡಿ ಬಹುಮಾನ ಹೊಡೆಯಲೇಬೇಕಿತ್ತು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವರು ಪ್ರತಿ ವರ್ಷವೂ ವಿಜ್ಞಾನ ನಾಟಕ ಸ್ಪರ್ಧೆಗೆ ತಂಡ ಕಟ್ಟಿಕೊಂಡು ಹೋಗುವುದು, ಸಮಾಧಾನಕರ ಬಹುಮಾನ ಹಿಡಿದುಕೊಂಡು ಸಮಾಧಾನವಿಲ್ಲದೆ ವಾಪಸು ಬರುವುದು ನಡೆದೇ ಇತ್ತು. ಓಝೋನ್ ಪದರ, ಪ್ಲಾಸ್ಟಿಕ್ ರಾಕ್ಷಸ, ಸೊಳ್ಳೆಯ ಸ್ವಗತ ಎಲ್ಲವೂ ಆಗಿ ಹೋಗಿತ್ತು. 2006ರಲ್ಲಿ ಸೈಬರ್ ಕೆಫೆಯಲ್ಲಿ ಬೆನ್ನು ನೋಯುವ ತನಕ ಕೂತು ಅವರು ಯಾರೂ ಮುಟ್ಟದ ವಿಷಯ ತೆಗೆದರು. ಜೀವಕೋಶದ ನ್ಯೂಕ್ಲಿಯಸ್ಸಿನ ಒಳಗೆ ತಯಾರಾಗುವ ಆರ್‌ಎನ್‌ಎ ಹೊರಗೆ ಬರುವುದು ಹೇಗೆ?

ಕೇಳಲಿಕ್ಕೆ ಕಬ್ಬಿಣದ ಕಡಲೆ, ಆಡಿ ತೋರಿಸಲಿಕ್ಕೆ ಸುಲಭ. ನ್ಯೂಕ್ಲಿಯಸ್ಸಿನ ಗೋಡೆಯಲ್ಲಿ ರಂಧ್ರಗಳಿವೆ. ಆರ್‌ಎನ್‌ಎ ಅದರಲ್ಲಿ ಒಂಟಿಯಾಗಿ ನುಗ್ಗಲಾರದು. ಒಳಗಿನ ಕೆಲವು ಪ್ರೋಟೀನುಗಳು ಅದನ್ನು ಸುತ್ತಿಕೊಂಡು, ಕೈಹಿಡಿದು, ರಂಧ್ರ ದಾಟಿಸುತ್ತವೆ. ಆದರೆ ದಾಟಿಸಿದ ಕೈ ಬಿಡದಿದ್ದರೆ ಆರ್‌ಎನ್‌ಎ ಮತ್ತೆ ಒಳಗೆ ಜಾರಬಹುದು. ಅದಕ್ಕೇ ರಂಧ್ರದ ಹೊರಬಾಯಿಯಲ್ಲಿ ಒಂದು ಎಂಜೈಮು ಕಾದು ಕೂತಿರುತ್ತದೆ. ಅದು ಎಟಿಪಿ ಎಂಬ ಶಕ್ತಿಯನ್ನು ಖರ್ಚು ಮಾಡಿ, ಬಂದ ಆರ್‌ಎನ್‌ಎಯ ಮೈಮೇಲಿನ ಆ ಪ್ರೋಟೀನುಗಳನ್ನು ಕಿತ್ತು ತೆಗೆಯುತ್ತದೆ. ಕಿತ್ತದ್ದು ಮುಂದಿನ ಚಾಕರಿಗೆ ವಾಪಸು ಒಳಗೆ. ಆರ್‌ಎನ್‌ಎ ಹೊರಗೆ, ಶಾಶ್ವತವಾಗಿ.

ಎಂಟು ಹುಡುಗರು ಕೈಕೈ ಹಿಡಿದು ವೃತ್ತ ಮಾಡಿ ನಿಂತರೆ ರಂಧ್ರವಾಯಿತು. ಎಟಿಪಿಗೆ ಗೋಳಿಬಜೆ. ಎಂಜೈಮು ಒಂದೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು ಒಂದೊಂದು ಪ್ರೋಟೀನು ಕೀಳಬೇಕು. ಪ್ರೋಟೀನಿಗೆ ಎಂತ ಮಾಡುವುದು? ಅದಕ್ಕೂ ದಾರಿ ಪ್ರಿನ್ಸಿಪಾಲರ ಕಪಾಟಿನಲ್ಲಿ ಸಿಕ್ಕಿತು. ನಮ್ಮ ಕಡೆ ಯಾರು ಎರಡು ಮಾತಾಡಿದರೂ ಶಾಲು ಹೊದೆಸಿ ಹಣ್ಣುಬುಟ್ಟಿ ಕೊಡುವ ಪದ್ಧತಿ ಇರುವುದರಿಂದ, ಸನ್ಮಾನದ ಶಾಲುಗಳಿಗೆ ಬರಗಾಲವೆಂಬುದು ಬಂದದ್ದೇ ಇಲ್ಲ. ನ್ಯೂಕ್ಲಿಯಸ್ಸಿನ ಒಳಗೆ ಆರ್‌ಎನ್‌ಎಗೆ ಮೂರು ಶಾಲು ಹೊದೆಸಿ ಸನ್ಮಾನ, ಹೊರಬಾಗಿಲಲ್ಲಿ ಮೂರನ್ನೂ ಎಳೆದು ಬಿಸಾಡುವುದು. ಸಭಿಕರು ನಗುತ್ತಾರೆ, ವಿಜ್ಞಾನವೂ ಆಯಿತು ಎಂದು ಮೇಡಂ ಖುಷಿಯಲ್ಲಿ ಕೈ ಉಜ್ಜಿಕೊಂಡರು.

ಆರ್‌ಎನ್‌ಎ ಪಾತ್ರ ಶಿಫಾನಾಳಿಗೆ ಬಂತು. ಮೆಲ್ಕಾರಿನಿಂದ ಎರಡು ಬಸ್ಸು ಹಿಡಿದು ಬರುವ ಈ ಅಂತಿಮ ಬಿಎಸ್ಸಿ ಹುಡುಗಿಗೆ ಮಾತು ಸ್ಪಷ್ಟ, ಪಾಠ ನೀರು ಕುಡಿದ ಹಾಗೆ. ಮೇಡಂ ಹೆಸರು ಕೂಗಿದಾಗ ಅವಳಿಗೆ ಬೇಡ ಎನ್ನಬೇಕೆನಿಸಿತು. ಬೇಡ ಎನ್ನಲಿಕ್ಕೆ ಕಾರಣ ಬೇಕಲ್ಲ? ಇದ್ದ ಕಾರಣವನ್ನು ಹೇಳುವ ಹಾಗಿರಲಿಲ್ಲ.

ಕಾರಣ ಅವಳ ಸ್ಕಾರ್ಫಿನ ಒಳಗಿತ್ತು. ಬಲಗಿವಿಯ ಹಿಂದೆ ಸಾಸಿವೆಯಷ್ಟು ಶುರುವಾದ ಬಿಳಿ ಕಲೆ ಈಗ ಹೆಕ್ಕತ್ತಿಗೆ ಹಬ್ಬಿ, ಕತ್ತಿನ ಅರ್ಧ ನುಂಗಿ, ಹೆಗಲಿಗೆ ಇಳಿದಿತ್ತು. ತೊನ್ನು. ಅಂಟುವುದಲ್ಲ, ಕೊಲ್ಲುವುದಲ್ಲ, ನೋವೂ ಇಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಡಾಕ್ಟರಿಗೇನು, ಅವರು ಮದುವೆ ಮಾತುಕತೆಗೆ ಬರುತ್ತಾರಾ? ಅವಳ ಉಮ್ಮ ಮಾಜಿದಾ ದಿನಾ ಬೆಳಗ್ಗೆ ಯಾವುದೋ ನಾಟಿ ಎಣ್ಣೆ ಹಚ್ಚಿ, ಸ್ಕಾರ್ಫನ್ನು ತಾನೇ ಬಿಗಿಯಾಗಿ ಸುತ್ತಿ, ಗಲ್ಲದ ಕೆಳಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದಳು. "ಸೈನಬಳ ನಿಕಾಹ್ ಒಂದು ಆಗಿಬಿಡ್ಲಿ. ಅಲ್ಲಿ ತನಕ ಇದು ಗೋಡೆಗೂ ಗೊತ್ತಾಗ್ಬಾರ್ದು," ಎನ್ನುತ್ತಿದ್ದಳು.

ಸೈನಬ ಶಿಫಾನಾಳ ಅಕ್ಕ. ಬಂದವರೆಲ್ಲ ತಿಂಡಿ ತಿಂದು, ಒಂದಲ್ಲ ಒಂದು ಕೊಂಕು ತೆಗೆದು ಹೋಗಿ ಹೋಗಿ, ಇಪ್ಪತ್ತಾರು ತುಂಬಿದ ಮೇಲೆ ಕನ್ಯಾನದಿಂದ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಅಝೀಮ್, ಸೌದಿಯ ದಮ್ಮಾಮಿನಲ್ಲಿ ಕೆಲಸ, ಎರಡು ತಿಂಗಳ ರಜೆಯಲ್ಲಿ ಬರುವವನು. ಅಬ್ಬ ಅಬ್ದುಲ್ ಶುಕೂರ್ ಕೂಡ ಅದಕ್ಕೆಂದೇ ಜುಬೈಲಿನಿಂದ ರಜೆ ಹಾಕಿ ಬಂದಿದ್ದರು. ತಂಗಿಗೆ ತೊನ್ನು ಎಂದು ತಿಳಿದರೆ ಅಕ್ಕನ ಕಥೆ ಅಲ್ಲಿಗೇ ಮುಗಿಯಿತು. ಈ ಭಾರವನ್ನು ಶಿಫಾನಾ ಕತ್ತಿನ ಮೇಲೆಯೇ ಹೊತ್ತುಕೊಂಡು ತಿರುಗುತ್ತಿದ್ದಳು.

ಮನೆಯ ಹೊರಗೆ ವಿಷಯ ಗೊತ್ತಿದ್ದದ್ದು ಶಬ್ನಾಳಿಗೆ ಒಬ್ಬಳಿಗೆ. ಪಕ್ಕದ ಮನೆ, ಒಂದೇ ಬಸ್ಸು, ಒಂದೇ ಬೆಂಚು. ಸ್ಕಾರ್ಫು ಸಡಿಲಾದರೆ ಕಾಲೇಜಿನ ಹೆಂಗಸರ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸರಿಮಾಡಿ ಕೊಡುತ್ತಿದ್ದವಳು ಅವಳೇ. ಹಾಗಾಗಿ ಎಂಜೈಮಿನ ಪಾತ್ರ ಶಬ್ನಾಳಿಗೆ ಸಿಕ್ಕಿದಾಗ ಶಿಫಾನಾಳಿಗೆ ಹೋದ ಜೀವ ಬಂದ ಹಾಗಾಯಿತು. ಬೇರೆ ಯಾರ ಕೈಯಾದರೂ ಅವಳ ಹೆಗಲ ಹತ್ತಿರ ಬರುವುದು ಅವಳಿಗೆ ಬೇಡವಾಗಿತ್ತು.

ಪಾಪದ ಹುಡುಗಿ. ಕನ್ಯಾನದವರು ಮೊದಲು ಬಂದದ್ದು ಶಬ್ನಾಳ ಮನೆಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಂದ ಹೆಂಗಸರು ಶಬ್ನಾಳನ್ನು ಬೆಳಕಿಗೆ ನಿಲ್ಲಿಸಿ ನೋಡಿ, ಬಣ್ಣ ಸ್ವಲ್ಪ ಕಡಿಮೆ ಎಂದು ಬಾಯಿಬಿಟ್ಟು ಹೇಳಿ, ಎದ್ದು ಹೋಗುವಾಗ ಪಕ್ಕದ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಸೈನಬಳನ್ನು ಕಂಡು ಅಲ್ಲಿಗೆ ತಿರುಗಿದ್ದರು. ಶಬ್ನಾ ಆ ವಿಷಯ ಎತ್ತಲೇ ಇಲ್ಲ. ಎತ್ತದ್ದರಿಂದ ಅವಳು ಮರೆತಿದ್ದಾಳೆಂದು ಶಿಫಾನಾ ತಿಳಿದಳು.

ರಿಹರ್ಸಲಿನಲ್ಲಿ ಶಬ್ನಾಳಿಗೆ ಎಂಜೈಮಿನ ಮುಖಭಾವ ಬರುತ್ತಲೇ ಇರಲಿಲ್ಲ. ಒಮ್ಮೆ ರಾಕ್ಷಸಿಯ ಹಾಗೆ ಕಣ್ಣು ಬಿಡುತ್ತಿದ್ದಳು, ಒಮ್ಮೆ ನಗುತ್ತಿದ್ದಳು. ಶಿಫಾನಾಳೇ ಬಸ್ಸಿನಲ್ಲಿ ಹೇಳಿಕೊಟ್ಟಳು.

"ಎಂಜೈಮಿಗೆ ದ್ವೇಷ ಎಂತ ಇಲ್ಲ ಮಾರಾಯ್ತಿ. ಆರ್‌ಎನ್‌ಎ ಯಾರು, ಎಲ್ಲಿಂದ ಬಂತು ಅಂತ ಅದು ಕೇಳುದಿಲ್ಲ. ಬಾಗಿಲಲ್ಲಿ ಕೂತುಕೊಂಡು ಅದರ ಕೆಲಸ ಅದು ಮಾಡ್ತದೆ, ಅಷ್ಟೆ."

"ಕಿತ್ತ ಮೇಲೆ ಆರ್‌ಎನ್‌ಎಗೆ ವಾಪಸ್ ಒಳಗೆ ಹೋಗ್ಲಿಕ್ಕೆ ಆಗುದೇ ಇಲ್ವಾ?" ಶಬ್ನಾ ಕೇಳಿದಳು.

"ಇಲ್ಲ. ಅದಕ್ಕೇ ಕೀಳುದು."

ಶಬ್ನಾ ಸಿದ್ಧಕಟ್ಟೆ ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದಳು. ಮರುದಿನದಿಂದ ಅವಳ ಮುಖಭಾವ ಸರಿಯಾಯಿತು. ಮೇಡಂ ಮೆಚ್ಚಿಕೊಂಡರು.

ಇನ್ನೊಂದು ಸಮಸ್ಯೆ ಉಳಿಯಿತು. ಸನ್ಮಾನದ ಶಾಲುಗಳೆಂದರೆ ಗೊತ್ತಲ್ಲ, ಅಗ್ಗದ ಪಾಲಿಸ್ಟರು, ಮೈಮೇಲೆ ನಿಲ್ಲುವುದಿಲ್ಲ. ಎಂಜೈಮಿನ ಕೈಗೆ ಸಿಗುವ ಮೊದಲೇ ರಂಧ್ರದ ನಡುವೆ ಜಾರಿ ಬೀಳುತ್ತಿದ್ದವು. "ಭುಜದ ಹತ್ತಿರ ಚೂಡಿದಾರಕ್ಕೆ ಒಂದು ಪಿನ್ ಸಿಕ್ಕಿಸಿ, ಸಡಿಲಕ್ಕೆ, ಎಳೆದ್ರೆ ಬರಬೇಕು," ಎಂದು ಮೇಡಂ ಪರಿಹಾರ ಹೇಳಿದರು. ಆ ಪಿನ್ನು ಸಿಕ್ಕಿಸುವ ಕೆಲಸವೂ ಶಬ್ನಾಳದೇ.

ಸ್ಪರ್ಧೆ ಬೆಳ್ತಂಗಡಿಯಲ್ಲಿ, ಒಂದು ಸಭಾಭವನದಲ್ಲಿ. ವೇದಿಕೆಯ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಶಬ್ನಾ ಒಂದೊಂದೇ ಶಾಲು ಹೊದೆಸಿ ನೋಡಿದಳು, ಎಲ್ಲೆಲ್ಲಿ ಸಿಕ್ಕಿಸುವುದೆಂದು ಅಳೆದಳು. ಆಮೇಲೆ ಶಿಫಾನಾಳ ಗಲ್ಲ ಎತ್ತಿ, "ಈ ಪಿನ್ ಲೈಟಿಗೆ ಹೊಳೀತದೆ, ತೆಗೀತೇನೆ. ಒಳಗೆ ಸಿಕ್ಕಿಸಿ ಬಿಡ್ತೇನೆ, ಹೆದರ್ಬೇಡ," ಎಂದಳು. ಉಮ್ಮ ಬೆಳಗ್ಗೆ ಚುಚ್ಚಿದ ಪಿನ್ನು ಅದು. ಶಿಫಾನಾ ಗಲ್ಲ ಎತ್ತಿಯೇ ಕೊಟ್ಟಳು. ಹಿಂದಿನಿಂದ ಶಬ್ನಾಳ ಬೆರಳು ಹೆಕ್ಕತ್ತಿನ ಹತ್ತಿರ ಬಹಳ ಹೊತ್ತು ಆಡಿತು. ಇಷ್ಟು ಮುತುವರ್ಜಿ ಯಾರಿಗುಂಟು ಎಂದು ಶಿಫಾನಾಳಿಗೆ ಕಣ್ಣು ತುಂಬಿ ಬಂತು.

ನಾಟಕ ಚೆನ್ನಾಗಿ ನಡೆಯಿತು. ಒಳಗೆ ಸನ್ಮಾನವಾಗುವಾಗ ಸಭೆ ಬಿದ್ದು ಬಿದ್ದು ನಕ್ಕಿತು, ಯಾಕೆಂದರೆ ಮುಂದಿನ ಸಾಲಿನಲ್ಲಿ ಕೂತ ಗಣ್ಯರ ಹೆಗಲ ಮೇಲೂ ಅಂಥದೇ ಶಾಲುಗಳಿದ್ದವು. ಎಂಟು ಹುಡುಗರ ವೃತ್ತದಲ್ಲಿ ತೂರಿಕೊಂಡು ಶಿಫಾನಾ ಹೊರಬಂದಳು. ಶಬ್ನಾ ಗೋಳಿಬಜೆ ಬಾಯಿಗೆ ಹಾಕಿ ಮೊದಲ ಶಾಲು ಎಳೆದಳು, ಒಳಗೆ ಎಸೆದಳು. ಎರಡನೆಯದು ಎಳೆದಳು, ಎಸೆದಳು. ಮೂರನೆಯ ಗೋಳಿಬಜೆಯನ್ನು ನಿಧಾನ ಜಗಿದಳು. ಮೂರನೆಯ ಶಾಲಿನ ಜೊತೆ ಸ್ಕಾರ್ಫೂ ಬಂತು.

ಹಿಂಭಾಗದಲ್ಲಿ ಶಾಲನ್ನು ಸ್ಕಾರ್ಫಿಗೇ ಪಿನ್ನು ಮಾಡಲಾಗಿತ್ತು. ಸಡಿಲಕ್ಕಲ್ಲ, ಬಿಗಿಯಾಗಿ.

ವೇದಿಕೆಯ ದೀಪದ ಬೆಳಕು ನೇರ ಕತ್ತಿನ ಮೇಲೆ. ಶಿಫಾನಾ ಎರಡೂ ಕೈ ಕತ್ತಿಗೆ ಒತ್ತಿಕೊಂಡಳು. ಎರಡು ಕೈಗೆ ಮುಚ್ಚುವಷ್ಟು ಸಣ್ಣದಿರಲಿಲ್ಲ ಅದು. ಸ್ಕಾರ್ಫಿಗಾಗಿ ಶಬ್ನಾಳ ಕಡೆ ತಿರುಗಿದಳು. ಶಬ್ನಾ ಅದನ್ನು ಶಾಲಿನ ಸಮೇತ ರಂಧ್ರದ ಒಳಗೆ ಎಸೆದು, ಪಾತ್ರ ಬಿಡದೆ, ಸಭೆಯ ಕಡೆ ಮುಖ ಮಾಡಿ ನಿಂತಿದ್ದಳು. ಆಗ ಚಪ್ಪಾಳೆ ಶುರುವಾಯಿತು. ನಿಲ್ಲಲೇ ಇಲ್ಲ.

ಪ್ರಫುಲ್ಲಾ ಮೇಡಂ ಬದಿಯಲ್ಲೇ ಇದ್ದರು. ಜೀವಶಾಸ್ತ್ರ ಓದಿದವರಿಗೆ ನೋಡಿದ ಕೂಡಲೇ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಪರದೆ ಬಿದ್ದ ಮೇಲೆ ಓಡಿಬಂದು ಶಿಫಾನಾಳ ತಲೆಗೆ ತಮ್ಮ ಸೆರಗು ಮುಚ್ಚಿದರು. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯವರು ಎನ್ನಬಹುದಿತ್ತು. ಆದರೆ ತೀರ್ಪುಗಾರರು ಮೈಕು ಹಿಡಿದು ಆಗಲೇ ಶುರು ಮಾಡಿದ್ದರು.

"ಮೂಡುಬಿದಿರೆ ತಂಡಕ್ಕೆ ಪ್ರಥಮ ಬಹುಮಾನ. ಅದರ ಜೊತೆ ಉತ್ತಮ ಪ್ರಸಾಧನದ ವಿಶೇಷ ಬಹುಮಾನವೂ ಉಂಟು. ನ್ಯೂಕ್ಲಿಯಸ್ಸಿನಿಂದ ಹೊರಬರುವಾಗ ಆರ್‌ಎನ್‌ಎ ಎಷ್ಟು ಸವೆದು ಬರ್ತದೆ ಎಂದು ಆ ಮಗುವಿನ ಕತ್ತಿನಲ್ಲಿ ಬಣ್ಣದಿಂದಲೇ ತೋರಿಸಿದ್ದಾರೆ. ಎಂತಹ ಕಲ್ಪನೆ!"

ಆರ್‌ಎನ್‌ಎ ಸವೆಯುವುದಿಲ್ಲ. ಆ ಮಹಾಶಯರಿಗೆ ಆರ್‌ಎನ್‌ಎಯೂ ಗೊತ್ತಿರಲಿಲ್ಲ, ಚರ್ಮವೂ ಗೊತ್ತಿರಲಿಲ್ಲ. ಮೇಡಂ ಸೆರಗು ವಾಪಸು ತೆಗೆದುಕೊಂಡರು.

"ಹೋಗು, ಮೇಕಪ್ ಅಂತಲೇ ಇರ್ಲಿ. ನಿನಗೂ ಒಳ್ಳೆಯದು. ಈಗ ಮುಚ್ಚಿಕೊಂಡ್ರೆ ಎಲ್ಲರಿಗೂ ಗೊತ್ತಾಗ್ತದೆ," ಎಂದು ಪಿಸುಗುಟ್ಟಿ ಬೆನ್ನಿಗೆ ಕೈಯಿಟ್ಟು ದೂಡಿದರು.

ಅದರಲ್ಲಿ ಸತ್ಯವಿತ್ತು, ಅದೇ ಕೇಡು. ಶಿಫಾನಾ ಬರಿತಲೆಯಲ್ಲಿ ವೇದಿಕೆಗೆ ಹೋಗಿ ನಿಂತಳು. ತೀರ್ಪುಗಾರರು ಅವಳ ಗಲ್ಲ ಹಿಡಿದು ಕತ್ತನ್ನು ಬೆಳಕಿಗೆ ತಿರುಗಿಸಿ, "ನೋಡಿ, ಎಷ್ಟು ನೈಜವಾಗಿದೆ," ಎಂದು ಸಭೆಗೆ ತೋರಿಸಿದರು. ಅವಳು ನಕ್ಕಳು. ನಗದೆ ಇದ್ದರೆ ಮೇಕಪ್ಪು ಎಂದು ಯಾರು ನಂಬುತ್ತಾರೆ? ಪತ್ರಿಕೆಯವನು ಫೋಟೋ ಹೊಡೆದ. ಅವಳ ಹೆಗಲಿಗೆ ಒಂದು ಹೊಸ ಶಾಲನ್ನೂ ಹೊದೆಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ಶಿಫಾನಾ ಶಬ್ನಾಳ ಪಕ್ಕ ಹೋಗಿ ಕೂತಳು. ಬೈಯುವ ಶಕ್ತಿ ಇರಲಿಲ್ಲ. "ಯಾಕೆ?" ಎಂದಷ್ಟೇ ಕೇಳಿದಳು.

"ಎಂಜೈಮಿಗೆ ದ್ವೇಷ ಎಂತ ಇಲ್ಲ ಅಂತ ನೀನೇ ಹೇಳಿದ್ದಲ್ವಾ," ಎಂದಳು ಶಬ್ನಾ. "ಅದರ ಕೆಲಸ ಅದು ಮಾಡಿತು."

ಫೋಟೋ ತಾಲೂಕಿನ ಪುಟದಲ್ಲಿ ಬಂತು, ಬಣ್ಣದಲ್ಲೇ ಬಂತು. ಕನ್ಯಾನಕ್ಕೂ ಆ ಪತ್ರಿಕೆ ಹೋಗುತ್ತದೆ. ನಿಕಾಹ್ ಹತ್ತಿರ ಬಂದ ಒಂದು ಮಧ್ಯಾಹ್ನ ಅಝೀಮನ ದೊಡ್ಡಮ್ಮ ಬೀಬಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಜೀಪಿನಲ್ಲಿ ಮೆಲ್ಕಾರಿಗೆ ಬಂದಿಳಿದಳು. ವ್ಯಾನಿಟಿ ಬ್ಯಾಗಿನಲ್ಲಿ ಪತ್ರಿಕೆ ಮಡಚಿಟ್ಟುಕೊಂಡಿದ್ದಳು. ಶರಬತ್ತು ಕುಡಿದು, ಮದುವೆಯ ಸೀರೆ ಮುಟ್ಟಿ ನೋಡಿ, ಆಮೇಲೆ ಪತ್ರಿಕೆ ಬಿಡಿಸಿದಳು.

"ಇದು ನಿಮ್ಮ ಎರಡನೆಯವಳಲ್ವಾ? ಒಳ್ಳೆ ಫೋಟೋ ಬಂದಿದೆ. ಆ ಬಣ್ಣ ಹೋಯ್ತಾ? ಕರೀರಿ, ನೋಡುವ."

ಮಾಜಿದಾ ಜ್ವರ ಎಂದಳು. ಬೀಬಿ ಹಾಗಾದರೆ ತಾನೇ ಒಳಗೆ ಹೋಗುತ್ತೇನೆ ಎಂದು ಎದ್ದಳು. ಶಿಫಾನಾ ಹೊರಬಂದಳು. ಬೀಬಿ ಪ್ರೀತಿಯಿಂದಲೇ ಹತ್ತಿರ ಕೂರಿಸಿಕೊಂಡು, ಸ್ಕಾರ್ಫು ಸರಿಸಿ, ಸೆರಗಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಕತ್ತನ್ನು ಒರೆಸಿದಳು. ಒಮ್ಮೆ ಒರೆಸಿದಳು, ಒತ್ತಿ ಒರೆಸಿದಳು, ಪಾತ್ರೆ ತಿಕ್ಕುವಂತೆ ತಿಕ್ಕಿದಳು. ಸುತ್ತಲಿನ ಚರ್ಮ ಕೆಂಪಾಯಿತು. ಬಿಳಿ ಇನ್ನಷ್ಟು ಬೆಳ್ಳಗೆ ಎದ್ದು ಕಂಡಿತು. ಸೈನಬ ಬಾಗಿಲ ಸಂದಿಯಲ್ಲಿ ನಿಂತು ನೆಲ ನೋಡುತ್ತಿದ್ದಳು.

"ಇದು ರಕ್ತದಲ್ಲಿ ಬರುವ ಬೇನೆ," ಎಂದಳು ಬೀಬಿ, ಪತ್ರಿಕೆ ಮಡಚಿ ಬ್ಯಾಗಿಗೆ ಹಾಕುತ್ತ. "ನಾಳೆ ಇವಳ ಅಕ್ಕನ ಮಕ್ಕಳಿಗೂ ಬರ್ತದೆ. ನೀವು ಮುಚ್ಚಿಟ್ಟದ್ದು ಸರಿಯಲ್ಲ ಮಾಜಿದಾ."

ಹೆಂಗಸರು ಎದ್ದರು. ಆಗ ಮಾಜಿದಾಳ ಬಾಯಿಂದ ಆ ಮಾತು ಬಂತು. ಮೊದಲೇ ಯೋಚಿಸಿಟ್ಟ ಸುಳ್ಳೋ, ಆ ಗಳಿಗೆಯಲ್ಲಿ ಹುಟ್ಟಿದ್ದೋ, ಶಿಫಾನಾಳಿಗೆ ಕೊನೆಗೂ ತಿಳಿಯಲಿಲ್ಲ.

"ರಕ್ತದಲ್ಲಿ ಬರುವುದಾದ್ರೆ ನಮಗೆಂತ? ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಯತೀಮ್ ಮಗು. ತಾಯಿ ತಂದೆ ಇಲ್ಲದ್ದನ್ನು ತಂದು ಸಾಕಿದ್ದು. ಅದಕ್ಕೆ ಬೇಜಾರಾಗ್ತದೆ ಅಂತ ಯಾರಿಗೂ ಹೇಳ್ಲಿಲ್ಲ."

ಬೀಬಿ ಜಗಲಿಯ ಕಡೆ ತಿರುಗಿದಳು. ಅಬ್ದುಲ್ ಶುಕೂರ್ ಅಲ್ಲೇ ಕುರ್ಚಿಯಲ್ಲಿದ್ದರು. "ಹೌದಾ ಶುಕೂರಾಕ?"

ಶುಕೂರ್ ತಮ್ಮ ಚಪ್ಪಲಿ ನೋಡಿಕೊಂಡರು. "ಮಾಜಿದಾ ಹೇಳಿದ ಮೇಲೆ ನಾನು ಹೇಳ್ಲಿಕ್ಕೆ ಎಂತ ಉಂಟು," ಎಂದರು.

"ಹೌದಾ ಮಗಾ?" ಈಗ ಶಿಫಾನಾಳಿಗೆ.

ಇಲ್ಲ ಎಂದರೆ ಜೀಪು ಹೊರಡುತ್ತದೆ, ಮತ್ತೆ ಬರುವುದಿಲ್ಲ. ಶಿಫಾನಾ ಉಮ್ಮನ ಮುಖ ನೋಡಿದಳು. ಅಲ್ಲಿ ನಾಚಿಕೆ ಇರಲಿಲ್ಲ, ಬೇಡಿಕೆ ಇತ್ತು. ಅಕ್ಕನನ್ನು ನೋಡಿದಳು. ತಲೆ ಎತ್ತಿ ಒಂದು ಸಲ ಇಲ್ಲ ಎನ್ನಲಿ ಎಂದು ಕಾದಳು. ಸೈನಬ ತಲೆ ಎತ್ತಲಿಲ್ಲ.

"ಹೌದು," ಎಂದಳು ಶಿಫಾನಾ.

ಬೀಬಿಯ ಮುಖ ಬೆಣ್ಣೆಯಾಯಿತು. ಯತೀಮ್ ಮಗುವಿನ ಕತ್ತನ್ನು ಹಾಗೆ ತಿಕ್ಕಿದೆನಲ್ಲ ಎಂದು ತೌಬಾ ಹೇಳಿ, ತಲೆ ಸವರಿದಳು. ಅನಾಥೆಯನ್ನು ಸಾಕಿದ ಪುಣ್ಯ ಎಲ್ಲಿಗೂ ಹೋಗುವುದಿಲ್ಲ, ಸ್ವರ್ಗದಲ್ಲಿ ನಿನಗೆ ಜಾಗ ಉಂಟು ಎಂದು ಮಾಜಿದಾಳನ್ನು ತಬ್ಬಿಕೊಂಡಳು. ಮಾಜಿದಾ ಆ ಹೊಗಳಿಕೆಯನ್ನು ಕಣ್ಣೀರು ಸುರಿಸುತ್ತ ತೆಗೆದುಕೊಂಡಳು. ಹೊರಡುವಾಗ ಬೀಬಿಗೆ ಇನ್ನೊಂದು ನೆನಪಾಯಿತು.

"ಸಾಕಿದ ಮಗಳಾದ್ರೆ ಶುಕೂರಾಕನ ಎದುರು ತಲೆ ಮುಚ್ಚಬೇಕು ಮಾಜಿದಾ. ದೊಡ್ಡವಳಾದ ಮೇಲೆ ಅವರು ಅವಳಿಗೆ ಅನ್ಯರೇ. ನಿಮಗೆ ಗೊತ್ತಿಲ್ಲದ್ದಲ್ಲ."

"ಮುಚ್ಚುತ್ತಾಳೆ," ಎಂದಳು ಮಾಜಿದಾ.

ಅಂದಿನಿಂದ ನಿಕಾಹ್ ತನಕ ಕನ್ಯಾನದವರು ಆಗಾಗ ಬರುತ್ತಲೇ ಇದ್ದರು. ಅವರ ಎದುರು ಶಿಫಾನಾ ಉಮ್ಮನನ್ನು ಮಾಮಿ ಎಂದಳು. ಅಬ್ಬನಿಗೆ ಚಹಾ ಕೊಡುವಾಗ ತಲೆಯ ಬಟ್ಟೆ ಮುಂದೆಳೆದು, ಬಾಗಿಲ ಮರೆಯಿಂದ ಲೋಟ ಚಾಚಿದಳು. ಮೊದಲ ದಿನ ಅವರ ಕೈಯಿಂದ ಚಹಾ ಚೆಲ್ಲಿತು. ಆಮೇಲೆ ಚೆಲ್ಲಲಿಲ್ಲ. ಬೀಬಿ ಯತೀಮ್ ಹುಡುಗಿಗೆಂದು ಬೇರೆಯಾಗಿ ಒಂದು ಚೂಡಿದಾರದ ಬಟ್ಟೆ ತಂದುಕೊಟ್ಟಳು, ಅದಕ್ಕೂ ಮಾಜಿದಾಳೇ ಉಪಕಾರ ಹೇಳಿದಳು.

ನಿಕಾಹ್ ಆಯಿತು. ಬಿರಿಯಾನಿ ಮುಗಿದು, ಮದುಮಗಳನ್ನು ಗಂಡನ ಮನೆಗೆ ಬಿಟ್ಟುಬರುವ ಹೊತ್ತಾಯಿತು. ನಮ್ಮ ಕಡೆ ಹೆಣ್ಣನ್ನು ಒಂಟಿಯಾಗಿ ಕಳಿಸುವ ಕ್ರಮವಿಲ್ಲ. ಮನೆಯ ಹೆಂಗಸರು ಜೊತೆಯಲ್ಲಿ ಹೋಗಿ ಬಿಟ್ಟು ಬರಬೇಕು, ತಂಗಿ ಇದ್ದರೆ ಮದುಮಗಳ ಮಗ್ಗುಲಲ್ಲೇ ಕೂರಬೇಕು. ಚಿಕ್ಕಂದಿನಲ್ಲಿ ಇಬ್ಬರೂ ಆಟವಾಡುವಾಗಲೂ ಸೈನಬ ಮದುಮಗಳು, ಶಿಫಾನಾ ಮಗ್ಗುಲಿನವಳು. ಅದೇ ರೂಢಿಯಲ್ಲಿ ಅವಳು ಅಕ್ಕನ ತೋಳು ಹಿಡಿದು ಕಾರಿನ ತನಕ ನಡೆದಳು. ಅಕ್ಕನ ತೋಳು ತಣ್ಣಗಿತ್ತು, ಬೆರಳುಗಳು ಮಾತ್ರ ಇವಳ ಕೈಯನ್ನು ಗಟ್ಟಿ ಹಿಡಿದಿದ್ದವು.

ಕಾರಿನ ಬಾಗಿಲಲ್ಲಿ ಮಾಜಿದಾ ನಿಂತಿದ್ದಳು. ಬೀಬಿ ಒಳಗಿನಿಂದ ನೋಡುತ್ತಿದ್ದಳು. ಮಾಜಿದಾ ಸೈನಬಳ ತೋಳಿನ ಮೇಲಿದ್ದ ಶಿಫಾನಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದಳು.

"ನೀನು ಒಳಗೆ ಹೋಗು. ಪಾತ್ರೆ ಲೆಕ್ಕ ಮಾಡಿ ಬಾಡಿಗೆಯವರಿಗೆ ಕೊಡ್ಲಿಕ್ಕುಂಟು," ಎಂದಳು. ಮತ್ತೆ ಹಿಂದೆ ತಿರುಗಿ ಕರೆದಳು. "ಶಬ್ನಾ, ಬಾ ಮಗಾ, ನೀನು ಹತ್ತು. ಮಗ್ಗುಲಲ್ಲಿ ಮನೆಯ ಹುಡುಗಿ ಒಬ್ಬಳು ಬೇಕು."

ಶಬ್ನಾ ಹೊಸ ಸ್ಕಾರ್ಫು ಹಾಕಿಕೊಂಡಿದ್ದಳು, ಗಲ್ಲದ ಕೆಳಗೆ ಹೊಳೆಯುವ ಪಿನ್ನು. ಶಿಫಾನಾಳ ಮುಖ ನೋಡದೆ ದಾಟಿ ಹೋಗಿ ಸೈನಬಳ ಪಕ್ಕ ಕೂತಳು. ಬಾಗಿಲು ಮುಚ್ಚಿತು. ಕಾರು ಕನ್ಯಾನಕ್ಕೆ ಹೋಗುವ ವಿಟ್ಲದ ರಸ್ತೆ ಹಿಡಿಯಿತು. ಸೈನಬ ಹಿಂದಿನ ಗಾಜಿನಲ್ಲಿ ಒಮ್ಮೆ ತಿರುಗಿದಂತೆ ಕಂಡಿತು, ಇಲ್ಲದಿರಲೂಬಹುದು.

ನಾಟಕದ ಉದ್ದಕ್ಕೂ ತಾನೇ ಆರ್‌ಎನ್‌ಎ ಎಂದು ಅವಳು ನಂಬಿದ್ದಳಲ್ಲ, ಆ ನೆನಪಿಗೆ ಶಿಫಾನಾಳಿಗೆ ಈಗ ನಗು ಬಂತು. ಹೊರಗೆ ಹೋಗಬೇಕಾಗಿದ್ದವಳು ಅಕ್ಕ. ತಾನು ಬಾಗಿಲ ತನಕ ಹೊದ್ದುಕೊಳ್ಳುವ ಶಾಲು. ಇದನ್ನು ಹೇಳಿ ನಗಲಿಕ್ಕೆ ಒಬ್ಬಳು ಗೆಳತಿಯಿದ್ದಳು, ಅವಳೂ ಕಾರಿನಲ್ಲಿ ಹೋಗಿದ್ದಳು.

ಅಂಗಳದ ಶಾಮಿಯಾನ ಬಿಚ್ಚುತ್ತಿದ್ದರು. ಶಿಫಾನಾ ಅಡುಗೆಕೋಣೆಯ ಹಿಂದೆ ಕೂತು ಬಾಡಿಗೆಯ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿದಳು. ಮನೆಯಲ್ಲಿ ಕನ್ಯಾನದ ಪೈಕಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಸೆಕೆಗೆ ಸ್ಕಾರ್ಫು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದಳು, ಕತ್ತಿಗೆ ಗಾಳಿ ತಾಗುತ್ತಿತ್ತು.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಅಬ್ಬ ನೀರು ಕುಡಿಯಲಿಕ್ಕೆ ಬಂದಿದ್ದರು. ಏನೋ ಹೇಳಬೇಕೆಂದು ಬಂದವರಂತೆ ಹೊಸ್ತಿಲ ಮೇಲೆ ನಿಂತರು. ಅವಳು ಅವರನ್ನು ನೋಡಿದಳು, ಅವಳ ಕೈ ತಾನಾಗಿ ಎದ್ದು ಸ್ಕಾರ್ಫನ್ನು ತಲೆಯ ಮೇಲೆ ಎಳೆದುಕೊಂಡಿತು. ಮುಚ್ಚುವುದು ಬೇಡ ಎನ್ನುತ್ತಾರೆಂದು ಅವಳು ಕಾದಳು.

ಅಬ್ದುಲ್ ಶುಕೂರ್ ಕಣ್ಣು ತಗ್ಗಿಸಿ, ಅನ್ಯ ಹೆಂಗಸರಿದ್ದಲ್ಲಿ ನಿಲ್ಲಬಾರದೆಂಬಂತೆ ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲ ಮರೆಯಿಂದ ಲೋಟಕ್ಕಾಗಿ ಕೈ ಚಾಚಿದರು. ಅವಳು ನೀರು ಕೊಟ್ಟಳು.